ನೂರ ನಲವತ್ತು ಮಕ್ಕಳ ಅತ್ತೆ

ವಿಜಯವಾಡದ ಆ ಕಾಲೇಜಿಗೆ ಫ್ರೆಂಚ್ ಕಲಿಯಲೆಂದು ಯಾರೂ ಬಂದಿರಲಿಲ್ಲ. ಇಂಟರ್‌ಮೀಡಿಯೆಟ್‌ನಲ್ಲಿ ಎರಡನೆಯ ಭಾಷೆಯಾಗಿ ತೆಲುಗು ತೆಗೆದುಕೊಂಡರೆ ಅಂಕ ಬೀಳುವುದು ಕಷ್ಟ, ಸಂಸ್ಕೃತವೋ ಫ್ರೆಂಚೋ ಆದರೆ ಸುಲಭ ಎಂಬುದು ಅಲ್ಲಿನ ತಂದೆತಾಯಿಗಳಿಗೆಲ್ಲ ಗೊತ್ತಿದ್ದ ಗುಟ್ಟು. ಗಣಿತಕ್ಕೂ ರಸಾಯನಶಾಸ್ತ್ರಕ್ಕೂ ನಡುವೆ ಸಿಗುತ್ತಿದ್ದ ಮುಕ್ಕಾಲು ಗಂಟೆಯಲ್ಲಿ ಮಕ್ಕಳು ಫ್ರೆಂಚನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು, ಪರೀಕ್ಷೆಯ ದಿನ ಕಾಗದದ ಮೇಲೆ ಕಾರುತ್ತಿದ್ದರು. ಕಾರುವುದು ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ.

ನಾನು ಅವರಿಗಿಂತ ಮೇಲಿನವಳೇನಲ್ಲ. ನಾನೂ ಫ್ರೆಂಚ್ ಹಿಡಿದದ್ದು ಅದೇ ಕಾರಣಕ್ಕೆ. ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಧಾರವಾಡದಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಾಗ ನಾನು ಎಂಟನೆಯ ತರಗತಿ. ತರಕಾರಿ ಕೊಳ್ಳುವಷ್ಟು, ಆಟೋದವನ ಜತೆ ಜಗಳವಾಡುವಷ್ಟು ತೆಲುಗು ಬೇಗ ಬಂತು. ಪರೀಕ್ಷೆಯಲ್ಲಿ ಬರೆಯುವಷ್ಟು ಬರಲಿಲ್ಲ. ಹಾಗಾಗಿ ಫ್ರೆಂಚ್. ಆಮೇಲೆ ಆ ಭಾಷೆ ನನಗೆ ಹಿಡಿಸಿತು. ಎಂ.ಎ. ತನಕ ಓದಿದೆ. ಮನೆಯವರಿಗೆ ಅರ್ಥವಾಗದ, ಬೀದಿಯವರಿಗೆ ಅರ್ಥವಾಗದ ಮಾತೊಂದು ನನ್ನ ಬಳಿ ಇದೆ ಎಂಬುದೇ ಒಂದು ಸುಖ. ಬೀಗ ಹಾಕಿದ ಕೋಣೆಯಿದ್ದಂತೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇಪ್ಪತ್ಮೂರು ವಯಸ್ಸಿನ ಹುಡುಗಿಗೆ ಅಂಥ ಕೋಣೆ ಬೇರೆಲ್ಲಿಯೂ ಸಿಗುತ್ತಿರಲಿಲ್ಲ.

ಕೆಲಸ ಸಿಕ್ಕಿದ್ದು ವಿಜಯವಾಡದಲ್ಲಿ, ಮಕ್ಕಳನ್ನು ಅಲ್ಲೇ ಇಟ್ಟುಕೊಂಡು ಓದಿಸುವ ಖಾಸಗಿ ಕಾಲೇಜಿನಲ್ಲಿ. ಬೆಳಿಗ್ಗೆ ಆರಕ್ಕೆ ಓದಿನ ಅವಧಿ. ಉದ್ದನೆಯ ಹಾಲಿನಲ್ಲಿ ಬೆಂಚುಗಳ ಮೇಲೆ ಎರಡು ಸಾಲು ಹುಡುಗರು, ಎರಡು ಸಾಲು ಹುಡುಗಿಯರು, ಫ್ರೆಂಚಿನವರು ಒಟ್ಟು ನೂರ ನಲವತ್ತು. ಎಲ್ಲರೂ ಮೈ ಹಿಂದೆ ಮುಂದೆ ತೂಗುತ್ತ ಗಟ್ಟಿಯಾಗಿ ಓದಬೇಕು. ಬಾಯಿ ಮುಚ್ಚಿ ಓದುವವರನ್ನು ನಿದ್ದೆ ಹೋದವರೆಂದು ತಿಳಿದು ಎಬ್ಬಿಸುತ್ತಿದ್ದರು. ಇಡ್ಲಿಯ ಹಬೆ, ಒದ್ದೆ ಟವೆಲ್ಲು, ತಲೆಯೆಣ್ಣೆ, ಇವೆಲ್ಲದರ ವಾಸನೆಯ ನಡುವೆ ನನ್ನ ಬೀಗದ ಕೋಣೆಯ ಮಾತು ನೂರ ನಲವತ್ತು ಬಾಯಿಗಳಿಂದ ಜೊಲ್ಲಿನಂತೆ ಸುರಿಯುತ್ತಿತ್ತು.

ಫ್ರೆಂಚ್ ವಿಭಾಗಕ್ಕೆ ಹಿರಿಯರೊಬ್ಬರಿದ್ದರು. ಯಾನಾಂನವರು. ಆ ಊರು ಫ್ರೆಂಚರ ಕೈಯಲ್ಲಿದ್ದಾಗಲೇ ಹುಟ್ಟಿ, ಅವರ ಶಾಲೆಯಲ್ಲೇ ಅಕ್ಷರ ಕಲಿತವರು. ಅವರ ಫ್ರೆಂಚ್ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅದೇ ನನಗೆ ಹೆಚ್ಚು ಅಸಹ್ಯ ಹುಟ್ಟಿಸುತ್ತಿತ್ತು. ಭಾಷೆ ಗೊತ್ತಿಲ್ಲದವನು ಹೀಗೆ ಬಾಯಿಪಾಠ ಮಾಡಿಸಿದ್ದರೆ ಕ್ಷಮಿಸಬಹುದಿತ್ತು.

ಮೊದಲ ದಿನವೇ ಅವರು ನನಗೆ ಪ್ರಬಂಧದ ಪಾಠ ಹೇಳಿದರು.

"ನೋಡಿ ಅಮ್ಮಾ, ನಾಲ್ಕು ಕಂಬ ನೆಡಬೇಕು. 'ಮೊದಲನೆಯದಾಗಿ', 'ಆಮೇಲೆ', 'ಆದರೂ', 'ಕೊನೆಗೆ'. ಈ ನಾಲ್ಕು ಫ್ರೆಂಚ್ ಮಾತು ಪೇಪರ್ ತಿದ್ದುವವನ ಕಣ್ಣಿಗೆ ಬಿದ್ದರೆ ಸಾಕು, ಅಂಕ ಬಿತ್ತು. ಕಂಬದ ಮೇಲೆ ಯಾವ ಚಪ್ಪರ ಹಾಕಿದರೂ ನಡೆಯುತ್ತೆ."

"ಒಳಗೆ ಯಾರಾದರೂ ವಾಸ ಮಾಡಬೇಕಲ್ಲ ಸಾರ್?"

"ವಾಸವಾ? ಮೂರು ಗಂಟೆ ಪರೀಕ್ಷೆ ಅಮ್ಮಾ. ಯಾರು ಸಂಸಾರ ಹೂಡ್ತಾರೆ ಅಲ್ಲಿ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಹೊಸ ಶೋಧಗಳು ಮತ್ತು ಮನುಷ್ಯನ ಸೃಜನಶೀಲತೆ: ಈ ವಿಷಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಅದಕ್ಕೆ ಅವರ ಬಳಿ ಹಳೆಯ ಪ್ರಬಂಧವೊಂದಿತ್ತು. ಬೆಂಕಿ, ಚಕ್ರ, ರಾಕೆಟ್ಟು. ಬೇರೆ ಕಾಲೇಜುಗಳವರೂ ಅದನ್ನೇ ನಕಲು ಮಾಡಿಕೊಂಡು, ತಿದ್ದುವವರಿಗೆ ಅದು ಹಳಸಿ, ಹಿಂದಿನ ವರ್ಷ ಅಂಕ ಇಳಿದಿತ್ತಂತೆ. ಸೃಜನಶೀಲತೆಯ ಮೇಲೆ ಹೊಸದೊಂದು ಬಾಯಿಪಾಠ ಬೇಕಾಗಿತ್ತು. ಅದನ್ನು ಬರೆಯುವ ಕೆಲಸ ನನಗೆ ಬಂತು.

ನಾನು ಜಾಣೆ ಎಂದುಕೊಂಡಿದ್ದೆ. ಬಾಯಿಪಾಠವನ್ನೇ ಬಳಸಿಕೊಂಡು ಮಕ್ಕಳಿಗೆ ನಿಜವಾಗಿ ಬರೆಯುವುದನ್ನು ಕಲಿಸಿಬಿಡುತ್ತೇನೆ ಎಂದು ಹಟ. ಒಳ್ಳೆಯ ಪ್ರಬಂಧ ದೊಡ್ಡ ಮಾತಿನಿಂದ ಶುರುವಾಗಬಾರದು, ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿನಿಂದ ಶುರುವಾಗಬೇಕು. ಆ ವಸ್ತುವನ್ನು ಯಾರು, ಯಾವ ತೊಂದರೆಗೆ ಮಾಡಿದರು ಎಂದು ಹೇಳಬೇಕು. ಅಲ್ಲಿಂದ ಒಂದು ವಿಚಾರಕ್ಕೆ ಹೋಗಬೇಕು. ಆ ವಿಚಾರದ ಎದುರು ಒಂದು ಸಂಶಯ ನಿಲ್ಲಿಸಬೇಕು. ಆಗ 'ಆದರೂ' ಎಂಬ ಮಾತಿಗೆ ಕೆಲಸ ಸಿಗುತ್ತದೆ. ಹೀಗೆ ಯೋಚಿಸಿ ಚೌಕಟ್ಟು ಬರೆದೆ. ನಡುವೆ ಜಾಗ ಬಿಟ್ಟು ಕಂಸದೊಳಗೆ ಫ್ರೆಂಚಿನಲ್ಲಿ ಒಂದು ಸೂಚನೆ ಕೊಟ್ಟೆ: 'ಇಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಸ್ವಂತ ಬುದ್ಧಿಯಿಂದ ಮಾಡಿದ ಒಂದು ವಸ್ತುವಿನ ಬಗ್ಗೆ ಐದು ವಾಕ್ಯ ಬರೆಯಿರಿ.' ತರಗತಿಯಲ್ಲಿ ಎರಡು ಸಲ ಬಿಡಿಸಿ ಹೇಳಿದೆ. ಮಕ್ಕಳು ತಲೆಯಾಡಿಸಿದರು. "ಇದಿ ಇಂಪಾರ್ಟೆಂಟಾ ಮೇಡಂ?" ಎಂದು ಕೇಳಿದರು. ಹೌದೆಂದೆ.

ತ್ರೈಮಾಸಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಾಸ್ಟೆಲಿನ ಕೋಣೆಗೆ ತಂದು, ಕೆಂಪು ಪೆನ್ನು ಹಿಡಿದು ಕೂತೆ. ಮೊದಲ ಪತ್ರಿಕೆಯಲ್ಲಿ, ಪ್ರಬಂಧದ ನಟ್ಟನಡುವೆ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದ ಫ್ರೆಂಚಿನಲ್ಲಿ ಹೀಗಿತ್ತು: 'ಇಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಸ್ವಂತ ಬುದ್ಧಿಯಿಂದ ಮಾಡಿದ ಒಂದು ವಸ್ತುವಿನ ಬಗ್ಗೆ ಐದು ವಾಕ್ಯ ಬರೆಯಿರಿ.' ಕಂಸವನ್ನೂ ಬಿಟ್ಟಿರಲಿಲ್ಲ. ಎರಡನೆಯ ಪತ್ರಿಕೆಯಲ್ಲೂ ಅದೇ. ಇಪ್ಪತ್ತನೆಯದರಲ್ಲೂ ಅದೇ. ಒಬ್ಬ ಹುಡುಗ ಅದು ತುಂಬ ಮುಖ್ಯವಾದ ವಾಕ್ಯವೆಂದು ತಿಳಿದು ಸ್ಕೇಲಿಟ್ಟು ಅಡಿಗೆರೆ ಎಳೆದಿದ್ದ. ಮೊದಮೊದಲು ನಗು ಬಂತು. ಐವತ್ತು ದಾಟುವಾಗ ಪೆನ್ನಿನ ಮುಚ್ಚಳ ಹಾಕಿ, ಕಿಟಕಿಯ ಹತ್ತಿರ ಹೋಗಿ ನಿಂತೆ.

ತರಗತಿಯಲ್ಲಿ ಕೇಳಿದರೆ, ಅಡಿಗೆರೆ ಎಳೆದವನು ಎದ್ದು ನಿಂತು, ಏನು ತಪ್ಪಾಯಿತೆಂದು ತಿಳಿಯದ ಮುಖದಿಂದ ಹೇಳಿದ: "ಮೀರೇ ಕದಾ ಮೇಡಂ ಇಚ್ಚಾರು?" ನೀವೇ ಕೊಟ್ಟದ್ದಲ್ಲವಾ.

ನೂರ ನಲವತ್ತರಲ್ಲಿ ಖಾಲಿ ಜಾಗವನ್ನು ತುಂಬಿದ್ದವಳು ಒಬ್ಬಳೇ. ಅವಳೂ ಕನ್ನಡದವಳು. ಅಪ್ಪ ನೌಕಾಪಡೆಯಲ್ಲಿ ನಾವಿಕ, ಗದಗಿನ ಕಡೆಯವರು, ವಿಶಾಖಪಟ್ಟಣದಲ್ಲಿ ನಮ್ಮ ಮನೆಗೆ ಬಂದು ಹೋಗಿ ಮಾಡುವ ಸಂಸಾರ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಈ ಕರಾವಳಿಯಲ್ಲೇ. ಕನ್ನಡ ಅವಳಿಗೆ ಅಮ್ಮನ ಜತೆ ಮಾತಾಡುವಷ್ಟಕ್ಕೆ ಮಾತ್ರ. ಹಡಗಿನಿಂದ ತಂದ ಒಡೆದ ಗಡಿಯಾರದ ಗಾಜಿನಿಂದ ಅಪ್ಪ ಓದುವ ದೀಪ ಮಾಡಿಕೊಟ್ಟ ಬಗೆಯನ್ನು ಐದು ಮುರುಕಲು ವಾಕ್ಯಗಳಲ್ಲಿ ಬರೆದಿದ್ದಳು. ವಾಕ್ಯಕ್ಕೆರಡು ತಪ್ಪು. ನಾನು ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೆ ಕೊಟ್ಟೆ. ಹಿರಿಯರು ಪತ್ರಿಕೆ ನೋಡಿ, ಆ ಐದು ವಾಕ್ಯಗಳ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಹಾಕಿ, ಅಂಕವನ್ನು ಅರ್ಧಕ್ಕಿಳಿಸಿದರು.

"ಪಬ್ಲಿಕ್ ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಹೋಗುತ್ತೆ ಅಮ್ಮಾ. ಅಲ್ಲಿ ಯಾರೂ ಅವರಪ್ಪನ ದೀಪ ನೋಡಲ್ಲ," ಎಂದರು. "ಆ ಖಾಲಿ ಜಾಗ ನೀವೇ ತುಂಬಿಬಿಡಿ. ಒಂದೇ ಉದಾಹರಣೆ. ಎಲ್ಲರಿಗೂ ಅದೇ."

"ಎಲ್ಲರ ಮನೆಯಲ್ಲೂ ಅದೇ ವಸ್ತು ಇರುತ್ತದಾ?"

"ಪತ್ರಿಕೆಗಳು ಕಲೆಸಿ ಬೇರೆ ಬೇರೆ ಜಿಲ್ಲೆಗೆ ಹೋಗುತ್ತವೆ. ಒಬ್ಬನ ಕೈಗೆ ಎರಡೋ ಮೂರೋ ಬಂದಾವು. ಭಯಪಡಬೇಡಿ."

ಆ ಮಧ್ಯಾಹ್ನವೇ ಸ್ಟಾಫ್ ರೂಮಿನಲ್ಲಿ ಕೂತು ತುಂಬಿದೆ. ಏನು ತುಂಬಿದೆ ಎಂದು ಹೇಳುವ ಮೊದಲು ನನ್ನ ಅತ್ತೆಯ ವಿಷಯ ಹೇಳಬೇಕು.

ಅತ್ತೆ, ಅಂದರೆ ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮ ಜತೆಯಲ್ಲೇ ಇದ್ದಳು. ನಾನು ಹದಿಮೂರರಲ್ಲಿದ್ದಾಗ ಅವಳಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು, ಬಲಗೈ ಮರಳಲಿಲ್ಲ. ಬೆಳಿಗ್ಗೆ ಅವಳಿಗೆ ಕುಪ್ಪಸ ತೊಡಿಸಿ ಮುಂದಿನ ಹುಕ್ಕುಗಳನ್ನು ಹಾಕುವುದು ಅವ್ವನ ಕೆಲಸವಾಯಿತು. ಒಂದು ವರ್ಷ ಹಾಗೆ ನಡೆಯಿತು. ಆಮೇಲೆ ಒಂದು ದಿನ ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡು, ತಾನೇ ತೊಟ್ಟು ಹೊರಗೆ ಬಂದಳು. ಎಡಗೈಯಿಂದಲೇ ಹೇಗೋ ಹಾಕಿಕೊಳ್ಳುತ್ತಾಳೆಂದು ಅವ್ವ ತಿಳಿದಳು.

ಹೇಗೆಂದು ಕಂಡವಳು ನಾನೊಬ್ಬಳೇ. ಒಂದು ಬೆಳಿಗ್ಗೆ ಬಾಗಿಲ ಅಗುಳಿ ಸರಿಯಾಗಿ ಬಿದ್ದಿರಲಿಲ್ಲ, ಬಾಚಣಿಗೆ ಹುಡುಕುತ್ತ ನುಗ್ಗಿಬಿಟ್ಟೆ. ಅತ್ತೆ ಕಪಾಟಿನ ಎದುರು ನಿಂತಿದ್ದಳು. ಕಪಾಟಿನ ಬಾಗಿಲಿಗೆ ಎದೆಯ ಎತ್ತರದಲ್ಲಿ ಒಂದು ಕೊಂಡಿ ಬಡಿದಿದ್ದಳು. ಕುಪ್ಪಸದ ಬಲಗಡೆಯ ಅಂಚಿನೊಳಗೆ ಪರದೆಯ ಉಂಗುರವೊಂದನ್ನು ಹೊಲಿದಿದ್ದಳು. ಉಂಗುರವನ್ನು ಕೊಂಡಿಗೆ ಸಿಗಿಸಿ, ಮೈಯನ್ನು ಹಿಂದಕ್ಕೆ ವಾಲಿಸಿ ಬಟ್ಟೆಯನ್ನು ಬಿಗಿ ಹಿಡಿದು, ಎಡಗೈಯಿಂದ ಎಡಗಡೆಯ ಅಂಚನ್ನು ಎಳೆದು ತಂದು ಒಂದೊಂದೇ ಹುಕ್ಕು ಹಾಕುತ್ತಿದ್ದಳು. ಕಪಾಟು ಅವಳ ಬಲಗೈಯ ಕೆಲಸ ಮಾಡುತ್ತಿತ್ತು.

ಅವಳು ತಿರುಗಲಿಲ್ಲ. ತಿರುಗುವಂತಿರಲಿಲ್ಲ.

"ಬಾಗಲಾ ಹಾಕು," ಎಂದಳು. ನಾನು ಒಳಗೆ ನಿಂತೇ ಹಾಕಿದೆ. ಕೊನೆಯ ಹುಕ್ಕು ಬಿದ್ದ ಮೇಲೆ ಉಂಗುರ ಬಿಡಿಸಿಕೊಂಡು ಸೆರಗು ಹೊದ್ದು, "ಯಾರ ಮುಂದೂ ಅನಬ್ಯಾಡ, ಅವ್ವಿ," ಎಂದಳು. ನಾನು ಒಂಬತ್ತು ವರ್ಷ ಅನ್ನಲಿಲ್ಲ.

ಅದನ್ನು ಬರೆದೆ. ಯಾಕೆ ಬರೆದೆ? ಯಾರಾದರೂ ಏನನ್ನಾದರೂ ಹೊಸದಾಗಿ ಕಂಡುಹಿಡಿದದ್ದನ್ನು ನಾನು ಕಣ್ಣಾರೆ ನೋಡಿದ್ದು ಅದೊಂದೇ. ಫ್ರೆಂಚಿನಲ್ಲಿ ಬರೆದರೆ ಅದು ಬಚ್ಚಿಟ್ಟಂತೆಯೇ ಎಂದುಕೊಂಡೆ. ಮಕ್ಕಳಿಗಂತೂ ಅರ್ಥವಾಗುವುದಿಲ್ಲ, ಅರ್ಥವಾಗಬೇಕಾಗಿಯೂ ಇಲ್ಲ. ಇದೆಲ್ಲ ನಿಜ. ಇನ್ನೊಂದು ನಿಜವೂ ಇದೆ. ಬರೆಯುತ್ತ ಬರೆಯುತ್ತ ವಾಕ್ಯಗಳು ಚೆನ್ನಾಗಿ ಬಂದವು. ಉಂಗುರ, ಕೊಂಡಿ, ಹಿಂದಕ್ಕೆ ವಾಲಿದ ಬೆನ್ನು, ಎಲ್ಲ ಒಂದೊಂದು ಮಾತಿನಲ್ಲಿ ಕೂತವು. ನನಗೆ ಸಂತೋಷವಾಯಿತು. ಈಗ ಆ ಸಂತೋಷವನ್ನು ನೆನೆದರೆ ಕೊಳೆತದ್ದನ್ನು ಮುಟ್ಟಿದ ಕೈಯನ್ನು ಎಲ್ಲಿ ಒರೆಸಿಕೊಳ್ಳುವುದೆಂದು ತಿಳಿಯದಂತಾಗುತ್ತದೆ.

ಹಿರಿಯರು ಓದಿ ಕನ್ನಡಕ ತೆಗೆದರು. "ಚಾಲಾ ಬಾಗುಂದಮ್ಮಾ," ಎಂದರು, ಬಹಳ ಚೆನ್ನಾಗಿದೆ. ಒಂದು ಕ್ಷಣ ಅವರೊಳಗಿನ ಯಾನಾಂನ ಹುಡುಗ ಕಂಡ. ಕೂಡಲೇ ಪೆನ್ಸಿಲ್ ಎತ್ತಿಕೊಂಡರು. ಒಂದು ಕೈ ಮಾತ್ರ ಹೋದರೆ ತಿದ್ದುವವನ ಮನಸ್ಸು ಕರಗುವುದಿಲ್ಲ ಎಂದು ಅತ್ತೆಯ ಎರಡು ಕಣ್ಣುಗಳನ್ನೂ ತೆಗೆದರು. ಕೊನೆಗೆ ಜಿಲ್ಲಾ ಕಲೆಕ್ಟರರ ಕೈಯಿಂದ ಒಂದು ಪದಕ ಕೊಡಿಸಿದರು. 'ಧೈರ್ಯವೇ ಸೃಜನಶೀಲತೆಯ ತಾಯಿ' ಎಂದು ಮುಗಿಸಿದರು. ಅರ್ಥ ಗೊತ್ತಿದ್ದರೆ ನೆನಪಿನಲ್ಲಿ ಬೇಗ ಕೂರುತ್ತದೆಂದು ಪ್ರತಿ ಸಾಲಿನ ಕೆಳಗೆ ತೆಲುಗಿನಲ್ಲಿ ತಾತ್ಪರ್ಯ ಬರೆದರು. ನಾನು ಬೇಡವೆನ್ನಲಿಲ್ಲ. ತಾತ್ಪರ್ಯದ ಸಾಲುಗಳನ್ನು ಸ್ಟೆನ್ಸಿಲ್ ಕಾಗದದ ಮೇಲೆ ಇಳಿಸಿಕೊಟ್ಟವಳೂ ನಾನೇ. ನಾನು ಬರೆದದ್ದು ಕುಪ್ಪಸಕ್ಕೆ ಫ್ರೆಂಚರು ಬಳಸುವ ನಯವಾದ ಹಳೆಯ ಮಾತು. ಅದರ ಕೆಳಗೆ ಅವರು ಬರೆದಿದ್ದದ್ದು ತೆಲುಗು ಬೀದಿಯ ಮಾತು, 'ಜಾಕೆಟ್ಟು'.

ಸೈಕ್ಲೋಸ್ಟೈಲ್ ಪ್ರತಿಗಳು ಬಂದ ಮರುದಿನ ಆರು ಗಂಟೆಗೆ ಹಾಲಿನಲ್ಲಿ ನನ್ನ ಅತ್ತೆ ಶುರುವಾದಳು. ನೂರ ನಲವತ್ತು ಮಕ್ಕಳು ಮೈ ತೂಗುತ್ತ ಅವಳಿಗೆ ಕುಪ್ಪಸ ತೊಡಿಸಿದರು, ಬಿಚ್ಚಿದರು, ಮತ್ತೆ ತೊಡಿಸಿದರು. ಜಾಕೆಟ್ಟು ಬಂದಾಗಲೆಲ್ಲ ಹುಡುಗರ ಕೊನೆಯ ಬೆಂಚಿನಲ್ಲಿ ಮೊಣಕೈ ತಿವಿತ. ನಾನು ಸಾಲುಗಳ ನಡುವೆ ಕೈ ಕಟ್ಟಿಕೊಂಡು ಓಡಾಡುತ್ತಿದ್ದೆ. ಉಚ್ಚಾರ ತಪ್ಪಿದರೆ ನಿಂತು ತಿದ್ದುತ್ತಿದ್ದೆ. ದಸರೆಯಲ್ಲಿ ದುರ್ಗೆಯ ಬೆಟ್ಟ ಇಂದ್ರಕೀಲಾದ್ರಿ ಹತ್ತಿ ಬಂದ ಹುಡುಗಿಯರು ಆ ಹಾಳೆಗಳನ್ನೂ ಕೊಂಡೊಯ್ದು, ಅಮ್ಮನವರ ಕುಂಕುಮ ಹಚ್ಚಿ ತಂದಿದ್ದರು. ಬೆರಳಿನ ಕೆಂಪು ಗುರುತು ಸರಿಯಾಗಿ ಅತ್ತೆಯ ಸಾಲುಗಳ ಮೇಲೆ.

ಸಂಕ್ರಾಂತಿಗೆ ನಾಲ್ಕು ದಿನ ರಜೆ ಸಿಕ್ಕಿತು. ರೈಲು ವಿಶಾಖಪಟ್ಟಣಕ್ಕೆ ಮುಂಚಿನ ದುವ್ವಾಡ ದಾಟುವಾಗ ಎಂದಿನಂತೆ ಮನಸ್ಸು ಹಗುರವಾಯಿತು. ಮನೆಯಲ್ಲಿ ಅತ್ತೆ ಎಡಗೈಯಿಂದ ಕುಸುರೆಳ್ಳು ಆರಿಸುತ್ತ ಕೂತಿದ್ದಳು. ಮರುದಿನ ಸಂಜೆ ನಾಲ್ಕರ ಹೊತ್ತಿಗೆ ನಾವಿಕರ ಹೆಂಡತಿ ಮಗಳನ್ನು ಕರೆದುಕೊಂಡು ಎಳ್ಳು ಕೊಡಲು ಬಂದರು. ತುಂಬು ಮಾತಿನ ಹೆಂಗಸು. ಬಾಗಿಲಲ್ಲೇ ಶುರು.

"ವೈನಿ, ನಿಮ್ಮ ಮಗಳು ನಮ್ಮ ಹುಡುಗೀನ ಏನ್ ತಯಾರ್ ಮಾಡ್ಯಾಳ್ರೀ! ಮನಿತುಂಬ ಫ್ರೆಂಚ್! ಅವರಪ್ಪ ಅಂತಾರ, ಇಕೀನ್ನೇ ಹಡಗ ಹತ್ತಿಸಿ ಕಳಸೋಣು ಅಂತ. ಏ, ಅನ್ನ ಒಂದ್ಸಲ. ಆ ಪ್ರಬಂಧ ಅನ್ನು."

"ಈಗ ಬ್ಯಾಡ್ರಿ, ಚಹಾ ಆಗಲಿ," ಎಂದೆ. ನನ್ನ ಮಾತು ಯಾರಿಗೂ ಕೇಳಿಸಲಿಲ್ಲ.

ಹುಡುಗಿ ಎದ್ದು, ಕೈ ಹಿಂದೆ ಕಟ್ಟಿ, ಒಂದೇ ಉಸಿರಿನಲ್ಲಿ ಹೇಳಿದಳು. ಅವ್ವ, ಅತ್ತೆ, ಅವಳಮ್ಮ ಮೂವರೂ ಗಿಣಿ ಮಾತಾಡಿದ್ದನ್ನು ನೋಡುವಂತೆ ನೋಡಿದರು. ಮುಗಿಯಿತು ಎಂದು ಉಸಿರು ಬಿಟ್ಟೆ.

"ಅರ್ಥ ಹೇಳಲಾ, ಸಾರ್ ಅರ್ಥಾನೂ ಕೊಟ್ಟಾರೆ," ಎಂದಳು ಹುಡುಗಿ. "ನಮ್ಮ ಅತ್ತೆಗೆ ಒಂದು ಕೈ ಪನಿ ಮಾಡಲ್ಲ. ಕಣ್ಣೂ ಕಾಣಲ್ಲ."

"ಅಯ್ಯ, ಪಾಪ," ಎಂದರು ಅವಳಮ್ಮ.

"ಆಕೆ ಜಾಕೆಟ್ಟು... ಅಮ್ಮಾ, ಜಾಕೆಟ್ಟಿಗೆ ಏನಂತೀವಿ?"

"ಕುಬಸ."

"ಆ, ಕುಬಸ. ಕುಬಸದ ಒಳಗೆ ಒಂದು ರಿಂಗು ಹೊಲಿದು, ಅದನ್ನ ಬೀರುವಾಗೆ ತಗಿಲಿಸಿ..."

"ಕಪಾಟಕ್ಕ ಸಿಗಿಸಿ ಅನ್ನ, ಕನ್ನಡದಾಗ."

"ಕಪಾಟಕ್ಕೆ ಸಿಗಿಸಿ, ಹಿಂದೆ ಬಗ್ಗಿ, ಎಡಗೈಯಿಂದ ಹುಕ್ಕು ಹಾಕೋತಾಳೆ. ಅದಕ್ಕೆ, ಆಕೆ ಧೈರ್ಯ ನೋಡಿ, ಕಲೆಕ್ಟರ್ ಗಾರು ಮೆಡಲ್ ಕೊಟ್ಟರು."

"ಕುಬಸಾ ಹಾಕ್ಕೊಂಡಿದ್ದಕ್ಕ ಕಲೆಕ್ಟರ್ ಮೆಡಲ್ ಕೊಟ್ಟಾ? ಅವಗ ಬ್ಯಾರೆ ಕೆಲಸ ಇಲ್ಲೇನು?" ಎಂದು ಅವಳಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಅವ್ವನೂ ನಕ್ಕಳು. ನಗುತ್ತಿದ್ದವಳು ಅರ್ಧಕ್ಕೇ ನಗು ನಿಲ್ಲಿಸಿದಳು. ಕುಪ್ಪಸ ಒಗೆದು ಒಣಹಾಕುವವಳು ಅವಳೇ. ಒಳಗಿನ ಉಂಗುರವನ್ನು ಹಗ್ಗಕ್ಕೆ ಸಿಗಿಸಲೆಂದು ಹೊಲಿದದ್ದೆಂದು ಇಷ್ಟು ವರ್ಷ ತಿಳಿದಿದ್ದಳು.

"ಯಾರು ಬರದದ್ದವಾ ಇದು? ಛಲೋ ನಗಸ್ತದ," ಎಂದರು ಅವಳಮ್ಮ, ಇನ್ನೂ ನಗುತ್ತ.

"ನಮ್ಮ ಮೇಡಂ!" ಎಂದು ಹುಡುಗಿ ನನ್ನನ್ನು ತೋರಿಸಿದಳು. ಅವಳ ಮುಖದಲ್ಲಿ ಹೆಮ್ಮೆ ಬಿಟ್ಟು ಬೇರೇನೂ ಇರಲಿಲ್ಲ.

ಅತ್ತೆಯ ಕೈಯಲ್ಲಿ ಕುಸುರೆಳ್ಳಿನ ಬಟ್ಟಲಿತ್ತು. ಅದನ್ನು ಹುಡುಗಿಯ ಮುಂದೆ ಹಿಡಿದು, "ಛಲೋ ಅಂದಿ, ತಗೋ," ಎಂದಳು. ಹುಡುಗಿ ತೆಗೆದುಕೊಂಡ ಮೇಲೆ ಬಟ್ಟಲನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಅವಳು ನನ್ನನ್ನು ಕರೆದದ್ದು ಮರುದಿನ ಮಧ್ಯಾಹ್ನ, ಅಪ್ಪ ಬ್ಯಾಂಕಿನಲ್ಲಿದ್ದಾಗ, ಅವ್ವ ಮಲಗಿದ್ದಾಗ. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಸಮುದ್ರದ ಗಾಳಿಗೆ ಮೈ ಕೈ ಎಲ್ಲ ಅಂಟಂಟು.

"ಎಷ್ಟು ಹುಡುಗರು?"

"ನೂರಾ ನಲವತ್ತು."

"ಗಂಡ ಹುಡುಗರೂ ಅದಾರೇನು?"

"ಅದಾರ, ಅತ್ಯಾ."

ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅಂದಳು: "ಧೈರ್ಯ ಅಂತ ಬರದೀ ಅಲ್ಲ. ಧೈರ್ಯ ಎಲ್ಲಿತ್ತು? ನಿಮ್ಮವ್ವನ ಕೈ ಮೈಗೆ ಹತ್ತಿದ್ರ ನನಗ ಹೇಸಿಗಿ ಆಗ್ತಿತ್ತು. ಆಕೀಗೂ ಆಗ್ತಿತ್ತು. ಮಾರಿ ಆ ಕಡೆ ಮಾಡಿ ಹುಕ್ಕ ಹಾಕ್ತಿದ್ಲು. ಆಕೀದೇನೂ ತಪ್ಪಿಲ್ಲ. ಅದು ತಡೀಲಾರದ ಮಾಡಿದ್ದು ನಾನು. ಬ್ಯಾರೆ ಏನಿಲ್ಲ."

ಧೈರ್ಯದ ಸಾಲು ನನ್ನದಲ್ಲ, ಹಿರಿಯರದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅದನ್ನು ಸ್ಟೆನ್ಸಿಲ್‌ಗೆ ಇಳಿಸಿದವಳು ನಾನೇ. ಫ್ರೆಂಚಿನಲ್ಲಿ ನಾನು ಅಷ್ಟು ನಯವಾಗಿ ಕೂರಿಸಿದ ವಾಕ್ಯಗಳಲ್ಲಿ ಈ ಹೇಸಿಗೆಗೆ ಜಾಗವೇ ಇರಲಿಲ್ಲ. ಕಣ್ಣಾರೆ ನೋಡಿದ್ದೇನೆಂದುಕೊಂಡವಳು ನೋಡಿದ್ದು ಉಂಗುರವನ್ನೂ ಕೊಂಡಿಯನ್ನೂ ಮಾತ್ರ.

"ಪರೀಕ್ಷಾ ಯಾವಾಗ?"

"ಮಾರ್ಚಿನಾಗ."

"ಅಷ್ಟರೊಳಗ ತೆಗದು ಹಾಕ್ಲಿಕ್ಕೆ ಬರ್ತದೇನು? ಮಾರ್ಚಿನಾಗ ಬರದುಬಿಟ್ರ ಅದು ಸರಕಾರದ ಕಾಗದದ ಮ್ಯಾಲೆ ಹೋಗ್ತದ. ಯಾರ್ಯಾರೋ ಗಂಡಸರು ಓದ್ತಾರ."

"ಬರ್ತದ ಅತ್ಯಾ. ತೆಗೀತೀನಿ."

ಕೇಳಿದ್ದು ಅದೊಂದನ್ನೇ. ಬೈಯಲಿಲ್ಲ, ಅಳಲಿಲ್ಲ.

ವಿಜಯವಾಡಕ್ಕೆ ಮರಳಿದ ದಿನವೇ ಹಿರಿಯರ ಮುಂದೆ ನಿಂತೆ. ಆ ಉದಾಹರಣೆ ತೆಗೆಯಬೇಕು ಎಂದೆ. ಅವರು ತಲೆ ಎತ್ತಲಿಲ್ಲ.

"ನೂರ ನಲವತ್ತು ಹೊಟ್ಟೆಯೊಳಗೆ ಹೋಗಿದೆ ಅಮ್ಮಾ. ಹೇಗೆ ತೆಗೆಯುತ್ತೀರಿ?"

"ಅದು ನಿಜವಾದ ಅತ್ತೆ ಸಾರ್. ನಮ್ಮ ಮನೆಯಲ್ಲಿದ್ದಾಳೆ."

ಆಗ ತಲೆ ಎತ್ತಿದರು. ಮುಖದಲ್ಲಿ ನಿಜವಾದ ನಿರಾಸೆ. "ನಿಜವಾ? ನೀವು ಕಲ್ಪಿಸಿಕೊಂಡು ಬರೆದದ್ದು ಅಂತ ನಾನು ಎಷ್ಟು ಸಂತೋಷಪಟ್ಟಿದ್ದೆ." ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, "ಅತ್ತೆ ಬೇಡವಾದರೆ ಅಜ್ಜಿ ಅಂತ ಮಾಡಿಬಿಡೋಣ. ಒಂದು ಮಾತು ಬದಲಾಯಿಸಿದರೆ ಆಯಿತು," ಎಂದರು. ಪಾಪ, ಉಪಕಾರ ಮಾಡುತ್ತಿದ್ದೇನೆಂದೇ ಅವರ ನಂಬಿಕೆ.

ಅವರಿಗೆ ಹೇಳದೆ ನಾನೇ ಬೇರೆ ಉದಾಹರಣೆ ಬರೆದೆ. ಕಾಲಿಲ್ಲದ ಬಡಗಿ, ಅವನೇ ಮಾಡಿಕೊಂಡ ಗಾಲಿ ಮಣೆ. ಪೂರ್ತಿ ಸುಳ್ಳು. ತರಗತಿಯಲ್ಲಿ ಹಂಚಿ, ಇನ್ನು ಮೇಲೆ ಇದೇ, ಹಳೆಯದನ್ನು ಮರೆತುಬಿಡಿ ಎಂದೆ. ಮರೆಯುವುದನ್ನು ಆ ಮಕ್ಕಳಿಗೆ ಯಾರೂ ಕಲಿಸಿರಲಿಲ್ಲ. ಎರಡು ದಿನ ಬಡಗಿಯೂ ಅತ್ತೆಯೂ ಅವರ ಬಾಯಲ್ಲಿ ಕಲೆಸಿಹೋದರು. ಬಡಗಿ ಕುಪ್ಪಸ ತೊಟ್ಟ, ಅತ್ತೆ ಗಾಲಿ ಮಣೆಯ ಮೇಲೆ ಕೂತಳು. ಮೂರನೆಯ ದಿನ ಯಾರದೋ ತಂದೆ ಗುಂಟೂರಿನಿಂದ ಕಾಲೇಜಿಗೆ ಫೋನ್ ಮಾಡಿ, ಪರೀಕ್ಷೆ ಹತ್ತಿರವಿರುವಾಗ ನೋಟ್ಸ್ ಬದಲಾಯಿಸುವ ಮೇಡಂ ಯಾರೆಂದು ಕೂಗಾಡಿದರಂತೆ. ಬಡಗಿಯ ಹಾಳೆಗಳನ್ನು ವಾಪಸು ಪಡೆದರು.

ನಾನು ಸೋತದ್ದು ಅಲ್ಲಿ ಅಲ್ಲ. ಒಬ್ಬೊಬ್ಬರನ್ನೇ ಕರೆದು ಹೇಳಬಹುದಿತ್ತು. ಕಡೇಪಕ್ಷ ಒಬ್ಬಳಿಗೆ ಹೇಳಬಹುದಿತ್ತು. ಆ ಒಬ್ಬಳು ತಾನಾಗಿಯೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ನಾವಿಕರ ಮಗಳು. ಕುಂಕುಮದ ಗುರುತಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದಿದ್ದಳು.

"ಮೇಡಂ, ಅತ್ತೆ ಬರೀಬೇಡಾ ಅಂದ್ರಲ್ಲ, ನೀವು?"

"ಹೌದು."

"ಮೊದಲು ನಾನು ನಾನ್ನಗಾರಿದು, ಅಪ್ಪಂದು, ದೀಪ ಬರೆದೆ. ಸಾರ್ ಹೊಡೆದುಹಾಕಿದರು. ಆಮೇಲೆ ಇದು ಕಂಠಪಾಠ ಮಾಡಿದೆ. ಈಗ ಇದೂ ಬೇಡಾಂದ್ರೆ ಏನು ಬರೀಲಿ? ನನಗೆ ಬೇರೇದು ರಾದು, ಬರಲ್ಲ."

ಪರೀಕ್ಷೆಗೆ ಇನ್ನೂ ಆರು ವಾರವಿತ್ತು. ಐದು ಮುರುಕಲು ವಾಕ್ಯಗಳನ್ನು ಸರಿಪಡಿಸಲು ಮೂರು ದಿನ ಸಾಕು. ಬಾ ಕೂಡು, ಆ ದೀಪವನ್ನು ಮತ್ತೆ ಬರೆ, ಯಾರು ಹೊಡೆದುಹಾಕುತ್ತಾರೋ ನೋಡುತ್ತೇನೆ ಎಂದು ಹೇಳಬೇಕಾಗಿತ್ತು. ಫ್ರೆಂಚ್ ಕಲಿಸಲೆಂದೇ ಬಂದವಳಲ್ಲವೇ ನಾನು. ಆದರೆ ಅವಳ ಅಂಕ ಇಳಿದರೆ ಅವಳಮ್ಮ ನಮ್ಮ ಮನೆಗೆ ಬರುತ್ತಾರೆ, ಹಿರಿಯರು ನನ್ನನ್ನು ಕರೆಸುತ್ತಾರೆ, ಫೋನುಗಳು ಬರುತ್ತವೆ. ಇವೆಲ್ಲ ಒಂದೇ ಗಳಿಗೆಯಲ್ಲಿ ತಲೆಯಲ್ಲಿ ಹಾದುಹೋದವು. ನನಗೆ ಸುಸ್ತಾಗಿತ್ತು ಎಂದೂ ಸೇರಿಸಬಹುದು. ಅದು ನೆಪ.

"ಅತ್ತೆಯನ್ನೇ ಬರಿ," ಎಂದೆ.

ಅವಳ ಮುಖ ಅರಳಿತು. "ಥ್ಯಾಂಕ್ಯೂ ಮೇಡಂ" ಎಂದು ಓಡಿದಳು. ಒಬ್ಬಳಿಗೆ ಹೇಳಿದ್ದು ಸಾಯಂಕಾಲದೊಳಗೆ ಎಲ್ಲರಿಗೂ ಹೋಯಿತು. ಮರುದಿನ ಆರಕ್ಕೆ ಹಾಲಿನಲ್ಲಿ ಅತ್ತೆ ಮತ್ತೆ ಶುರುವಾದಳು, ಮೊದಲಿಗಿಂತ ಗಟ್ಟಿಯಾಗಿ.

ಪರೀಕ್ಷೆಯ ದಿನ ನಾನು ಕೇಂದ್ರದ ಗೇಟಿನ ಹೊರಗೆ, ಬಾದಾಮಿ ಮರದ ಕೆಳಗೆ ನಿಂತಿದ್ದೆ. ಆ ವಿಷಯ ಬರದಿರಲಿ ಎಂದು ದೇವರನ್ನು ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ. ಗಂಟೆ ಬಾರಿಸಿತು. ಗೇಟು ತೆರೆಯಿತು. ಮೊದಲು ಓಡಿ ಬಂದವನು ತ್ರೈಮಾಸಿಕದಲ್ಲಿ ಅಡಿಗೆರೆ ಎಳೆದಿದ್ದ ಹುಡುಗ. ಬರೆಯುವ ರಟ್ಟನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ದೂರದಿಂದಲೇ ಕೂಗಿದ:

"ಅತ್ತ ವಚ್ಚಿಂದಿ ಮೇಡಂ! ಅತ್ತ ವಚ್ಚಿಂದಿ!"

ಅತ್ತೆ ಬಂದಿದ್ದಾಳೆ. ಅವನ ಹಿಂದೆ ಬಂದವರೂ ಅದನ್ನೇ ಕೂಗಿದರು. ಒಬ್ಬಿಬ್ಬರು ನನ್ನ ಕಾಲಿಗೆ ನಮಸ್ಕಾರ ಮಾಡಿದರು. ನಾವಿಕರ ಮಗಳು ಬಂದು, ಒಂದು ಸಾಲೂ ಬಿಟ್ಟಿಲ್ಲ, ಪದಕ ಕೊಟ್ಟದ್ದನ್ನೂ ಬರೆದೆ ಎಂದಳು. ಹಿರಿಯರು ಎಲ್ಲರಿಗೂ ನಿಂಬೆ ಸೋಡಾ ತರಿಸಿದರು. ನಾನೂ ಕುಡಿದೆ. ಉಪ್ಪು ಹಾಕಿದ್ದು.

ಏಪ್ರಿಲಿನಲ್ಲಿ ಮನೆಗೆ ಹೋದೆ. ಚೀಲ ಕೆಳಗಿಡುವ ಮೊದಲೇ ಅತ್ತೆ ಕೇಳಿದಳು, "ಬರದರೇನು?"

"ಬರದ್ರು."

"ಎಲ್ಲಾರೂ?"

"ಎಲ್ಲಾರೂ, ಅತ್ಯಾ."

"ಹ್ಞೂಂ," ಎಂದಳು. ಸರಿ, ಕೈಕಾಲು ತೊಳಕೋ ಹೋಗು ಎಂದಳು.

ಮರುದಿನ ಬೆಳಿಗ್ಗೆ ನಾನು ಹಾಲಿನಲ್ಲಿ ಕೂತು ಪೇಪರ್ ಓದುತ್ತಿದ್ದೆ. ಅತ್ತೆ ಸ್ನಾನ ಮುಗಿಸಿ ಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳುವ ಸದ್ದು ಕೇಳಿಸಲಿಲ್ಲ. ಒಳಗಿನಿಂದ ಅವ್ವನನ್ನು ಕರೆದಳು. ಅವ್ವ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸುತ್ತ, ನನ್ನನ್ನು ನೋಡದೆ ಹಾದುಹೋಗಿ ಒಳಗೆ ಸೇರಿ ಬಾಗಿಲು ಮುಂದೆ ಮಾಡಿದಳು. ದಿನವೂ ಹೀಗೇ ನಡೆಯುತ್ತಿದೆಯೆಂದು ಆ ನಡಿಗೆಯಲ್ಲೇ ಗೊತ್ತಾಯಿತು. "ಸ್ವಲ್ಪ ಈ ಕಡೆ ತಿರಗ್ರಿ, ಹುಕ್ಕ ಹಾಕ್ತೀನಿ," ಎಂದು ಅವ್ವ ಹೇಳಿದ್ದು ಕೇಳಿಸಿತು. ನಾನು ಎದ್ದು ನಿಂತಿದ್ದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಮತ್ತೆ ಕೂತೆ.